ಮುಳುಗಬಾರದ ಹಡಗಿನ ಮೋಹ

ನೌಕಾ ದಿನಾಚರಣೆಯ ನಿಮಿತ್ತ ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ನಡೆದ ಉಪನ್ಯಾಸವೇ ಈ ಬರಹಕ್ಕೆ ಕಾರಣ. ಉಪನ್ಯಾಸಕರು ನಿವೃತ್ತ ಅಧಿಕಾರಿಗಳು, ಓದಿಕೊಂಡವರು, ಮಾತು ಬಲ್ಲವರು. ಭಾರತದಂಥ ದೊಡ್ಡ ದೇಶಕ್ಕೆ ದೊಡ್ಡ ಹಡಗುಗಳೇ ಶೋಭೆ, ಎರಡು ವಿಮಾನವಾಹಕ ನೌಕೆಗಳು ಸಾಲವು, ಮೂರನೆಯದು ಬೇಕೇ ಬೇಕು, ಅದು ಈಗಿರುವವುಗಳಿಗಿಂತ ದೊಡ್ಡದಾಗಿರಬೇಕು ಎಂಬುದು ಅವರ ಮಾತಿನ ಸಾರ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಕೊನೆಯಲ್ಲಿ ಪ್ರಶ್ನೆಗಳಿಗೆ ಅವಕಾಶವಿತ್ತು. ಎದ್ದು ನಿಲ್ಲುವ ಧೈರ್ಯ ನನಗಾಗಲಿಲ್ಲ. ಸೈನ್ಯದ ಖರ್ಚುವೆಚ್ಚದ ಬಗ್ಗೆ ಪ್ರಶ್ನೆ ಕೇಳುವವನ ದೇಶಭಕ್ತಿಯನ್ನೇ ಅನುಮಾನಿಸುವ ಕಾಲವಿದು. ಅಂದಿನ ಮೌನಕ್ಕೆ ಪ್ರಾಯಶ್ಚಿತ್ತವೆಂಬಂತೆ ಇದನ್ನು ಬರೆಯುತ್ತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಯುದ್ಧನೌಕೆ ಇಂದಿನ ಯುದ್ಧದಲ್ಲಿ ಸುಲಭವಾದ ಗುರಿ ಎಂಬುದು ಅದರ ಅರ್ಧ ಭಾಗ ಮಾತ್ರ. ಉಳಿದ ಅರ್ಧ ಹೀಗಿದೆ: ಯಾವ ಹಡಗು ಮುಳುಗಿದರೆ ದೇಶದ ಮಾನವೇ ಮುಳುಗುತ್ತದೆಂದು ನಾವು ನಂಬಿದ್ದೇವೆಯೋ ಆ ಹಡಗನ್ನು ಅಪಾಯವಿರುವ ಕಡಲಿಗೆ ಕಳಿಸುವ ಧೈರ್ಯ ಯಾವ ಸರ್ಕಾರಕ್ಕೂ ಇರುವುದಿಲ್ಲ. ಅಂದರೆ ನಾವು ಕಟ್ಟುತ್ತಿರುವುದು ಆಯುಧವನ್ನಲ್ಲ; ನಾವೇ ಕಾವಲು ಕಾಯಬೇಕಾದ ಒಡವೆಯನ್ನು.

ನಾನು ಸೈನಿಕನಲ್ಲ, ತಂತ್ರಜ್ಞನೂ ಅಲ್ಲ. ಕಾರವಾರದ ಕಡೆಯವನು. 1969ರಲ್ಲಿ ಮುಂಬಯಿಗೆ ಬಂದು ಬ್ಯಾಲಾರ್ಡ್ ಪಿಯರ್ ಬಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದವನು, ಅದೇ ಪರಿಸರದಲ್ಲಿ ತಲೆ ನರೆಸಿಕೊಂಡವನು. ಹಡಗುಗಳನ್ನು ನೋಡುತ್ತ ಬದುಕಿದವನಿಗೆ ಇರಬಹುದಾದ ಅಕ್ಕರೆ ಹಡಗುಗಳ ಬಗ್ಗೆ ನನಗೂ ಇದೆ. ಅದನ್ನು ಮರೆಮಾಚಿ ವಾದಿಸುವುದು ಅಪ್ರಾಮಾಣಿಕತೆಯಾದೀತು.

*

1971ರ ಡಿಸೆಂಬರ್ ತಿಂಗಳನ್ನು ನನ್ನ ವಯಸ್ಸಿನ ಮುಂಬಯಿಗರು ಮರೆತಿರಲಾರರು. ಕಿಟಕಿಯ ಗಾಜುಗಳಿಗೆ ಕಪ್ಪು ಕಾಗದ ಅಂಟಿಸಿ, ದೀಪ ಆರಿಸಿ, ನಾಲ್ಕು ಜನ ಬ್ರಹ್ಮಚಾರಿಗಳು ಒಂದು ಖೋಲಿಯಲ್ಲಿ ರೇಡಿಯೋ ಸುತ್ತ ಕೂರುತ್ತಿದ್ದೆವು. ಕರಾಚಿಯ ಮೇಲೆ ನಮ್ಮ ನೌಕಾಪಡೆ ದಾಳಿ ಮಾಡಿತೆಂಬ ಸುದ್ದಿ ಬಂದಾಗ ನಾವೆಲ್ಲ ಕಲ್ಪಿಸಿಕೊಂಡಿದ್ದು ವಿಕ್ರಾಂತವನ್ನು. ನಮಗೆ ಗೊತ್ತಿದ್ದ ಹಡಗಿನ ಹೆಸರು ಅದೊಂದೇ.

ನಿಜದಲ್ಲಿ ನಡೆದದ್ದು ಬೇರೆ. ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ಹೋದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು. ಒಂದೊಂದರ ತೂಕ ಸುಮಾರು 200 ಟನ್ನು. ಸೋವಿಯತ್ ದೇಶದಲ್ಲಿ ಬಂದರು ಕಾಯುವುದಕ್ಕೆಂದು ರೂಪಿಸಿದ್ದ ದೋಣಿಗಳವು. ಸ್ವಂತ ಇಂಧನದಲ್ಲಿ ಅಷ್ಟು ದೂರ ಹೋಗಿ ಬರುವ ತ್ರಾಣ ಇರಲಿಲ್ಲವೆಂದು ದಾರಿಯ ಬಹುಭಾಗ ಅವನ್ನು ಬೇರೆ ಹಡಗುಗಳಿಗೆ ಕಟ್ಟಿ ಎಳೆದೊಯ್ದರು. ಆ ರಾತ್ರಿ ಅವು ಖೈಬರ್ ಎಂಬ ಡೆಸ್ಟ್ರಾಯರನ್ನು ಮುಳುಗಿಸಿದವು, ಮುಹಾಫಿಜ್ ಎಂಬ ಹಡಗನ್ನು ಮುಳುಗಿಸಿದವು. ಖೈಬರ್ ಸಾಮಾನ್ಯ ಹಡಗಲ್ಲ. ಒಮ್ಮೆ ಬ್ರಿಟಿಷ್ ನೌಕಾಪಡೆಯಲ್ಲಿದ್ದ, ದೋಣಿಗಳಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ತೂಕದ ಹಡಗು. ತನ್ನ ಮೇಲೆ ಬಿದ್ದದ್ದು ಏನೆಂಬುದು ಕೂಡ ಅದಕ್ಕೆ ತಿಳಿಯಲಿಲ್ಲ; ವಿಮಾನ ದಾಳಿಯೆಂದು ಭ್ರಮಿಸಿತು. ನಾಲ್ಕು ದಿನಗಳ ನಂತರ ವಿನಾಶ್ ಎಂಬ ಇನ್ನೊಂದೇ ದೋಣಿ ಎರಡು ಫ್ರಿಗೇಟುಗಳ ಜೊತೆಗೆ ಹೋಗಿ ಕೆಮಾರಿಯ ತೈಲ ಸಂಗ್ರಹಾಗಾರಗಳಿಗೆ ಬೆಂಕಿ ಹಚ್ಚಿ ಬಂತು. ಇಂದು ನಾವು ಡಿಸೆಂಬರ್ 4ನ್ನು ನೌಕಾ ದಿನವೆಂದು ಆಚರಿಸುವುದು ಈ ದೋಣಿಗಳ ನೆನಪಿಗೆ. ದೋಣಿಗಳ ದಿನದಂದು ನಿಂತು ದೊಡ್ಡ ಹಡಗಿನ ಸ್ತೋತ್ರ ಹಾಡುವುದು ಎಂಥ ವಿಪರ್ಯಾಸ!

ಹಾಗಾದರೆ ವಿಕ್ರಾಂತ ಎಲ್ಲಿತ್ತು? ಬಂಗಾಳ ಕೊಲ್ಲಿಯಲ್ಲಿ. ಅದರ ಬಾಯ್ಲರೊಂದು ಬಿರುಕು ಬಿಟ್ಟಿತ್ತು, ಪೂರ್ಣ ವೇಗ ಬರುತ್ತಿರಲಿಲ್ಲ. ಪಶ್ಚಿಮದ ಕಡಲಿನಲ್ಲಿ ಫ್ರಾನ್ಸಿನಿಂದ ಬಂದ ಹೊಸ ಜಲಾಂತರ್ಗಾಮಿಗಳು ಪಾಕಿಸ್ತಾನದ ಬಳಿ ಇದ್ದವು. ಆದ್ದರಿಂದ ಅದನ್ನು ಪೂರ್ವಕ್ಕೆ ಕಳಿಸಲಾಯಿತು. ಅಲ್ಲಿಯೂ ಅದನ್ನು ಹುಡುಕಿಕೊಂಡು ಘಾಜಿ ಎಂಬ ಜಲಾಂತರ್ಗಾಮಿ ಬಂದಾಗ ವಿಕ್ರಾಂತ ಅಂಡಮಾನಿನ ಮರೆಯಲ್ಲಿತ್ತು. ವಿಶಾಖಪಟ್ಟಣದ ಬಳಿ ರಜಪೂತ್ ಎಂಬ ಹಳೆಯ ಡೆಸ್ಟ್ರಾಯರ್ ವಿಕ್ರಾಂತದ ವೇಷ ಹಾಕಿ ಸುಳ್ಳು ಸಂದೇಶಗಳನ್ನು ಬಿತ್ತರಿಸುತ್ತಿತ್ತು. ಘಾಜಿ ಅಲ್ಲೇ ಮುಳುಗಿತು. ಆ ಬಳಿಕ ವಿಕ್ರಾಂತದ ವಿಮಾನಗಳು ಚಟಗಾಂವ್ ಮತ್ತು ಕಾಕ್ಸ್ ಬಜಾರಿನ ಮೇಲೆ ದಾಳಿ ಮಾಡಿದವು, ಪೂರ್ವ ಪಾಕಿಸ್ತಾನದ ಕಡಲ ದಾರಿಯನ್ನು ಮುಚ್ಚಿದವು. ಆ ಸಾಧನೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದು ನಡೆದದ್ದು ಎದುರಾಳಿಗೆ ತಿರುಗಿ ಹೊಡೆಯುವ ಶಕ್ತಿ ಉಳಿದಿರದ ಕಡಲಿನಲ್ಲಿ ಎಂಬುದನ್ನು ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ.

ತಿರುಗಿ ಹೊಡೆಯುವ ಶತ್ರುವಿದ್ದ ಕಡಲಿನಲ್ಲಿ ಏನಾಯಿತೆಂಬುದು ಡಿಸೆಂಬರ್ 9ರ ರಾತ್ರಿ ದೀವ್ ಬಳಿ ತಿಳಿಯಿತು. ಹಂಗೋರ್ ಎಂಬ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ನಮ್ಮ ಖುಕ್ರಿ ಫ್ರಿಗೇಟು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಹದಿನೆಂಟು ಅಧಿಕಾರಿಗಳೂ 176 ನಾವಿಕರೂ ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಜಲಾಂತರ್ಗಾಮಿಯನ್ನು ಬೇಟೆಯಾಡಲು ಹೋಗಿದ್ದ ಹಡಗು ತಾನೇ ಬೇಟೆಯಾಯಿತು. ಖುಕ್ರಿ ಚಿಕ್ಕ ಹಡಗು. ಅದರಲ್ಲಿದ್ದವರು ಕೆಲವು ನೂರು ಜನ. ಇಂದಿನ ವಿಕ್ರಾಂತದಲ್ಲಿ ಸುಮಾರು 1,600 ಜನರಿರುತ್ತಾರೆ.

*

ಇದು ನಮ್ಮೊಬ್ಬರ ಅನುಭವವಲ್ಲ. ಕರಾಚಿಗಿಂತ ನಾಲ್ಕು ವರ್ಷ ಮೊದಲು, 1967ರ ಅಕ್ಟೋಬರ್ 21ರಂದು, ಈಜಿಪ್ಟಿನ ಕ್ಷಿಪಣಿ ದೋಣಿಗಳು ಪೋರ್ಟ್ ಸೈದ್ ಬಳಿ ಇಸ್ರೇಲಿನ ಎಯ್ಲಾತ್ ಎಂಬ ಡೆಸ್ಟ್ರಾಯರನ್ನು ಮುಳುಗಿಸಿದ್ದವು. 47 ಜನ ಸತ್ತರು. ಅದಕ್ಕೂ ಹಿಂದೆ, 1941ರ ಡಿಸೆಂಬರ್ 10ರಂದು, ಮಲಯಾದ ಕರಾವಳಿಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ಮಹಾನೌಕೆಗಳನ್ನು ಜಪಾನಿನ ವಿಮಾನಗಳು ಎರಡು ಗಂಟೆಗಳ ಆಸುಪಾಸಿನಲ್ಲಿ ಮುಗಿಸಿದವು. ಸತ್ತವರು 840 ಜನ. ಆ ಹಡಗುಗಳನ್ನು ಅಲ್ಲಿಗೆ ಕಳಿಸಿದ್ದು ಯುದ್ಧ ಮಾಡುವುದಕ್ಕಲ್ಲ, ಜಪಾನನ್ನು ಹೆದರಿಸುವುದಕ್ಕೆ. ಹೆದರಿಸಲು ಹೋದ ಹಡಗಿಗೆ ಶತ್ರು ಹೆದರದಿದ್ದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಅಂದು ದೊಡ್ಡ ಫಿರಂಗಿಗಳ ಹಡಗನ್ನು ವಿಮಾನ ಮುಳುಗಿಸಿತು. ಆದ್ದರಿಂದಲೇ ವಿಮಾನವಾಹಕ ನೌಕೆ ಕಡಲಿನ ರಾಜನಾಯಿತು ಎಂದು ಉಪನ್ಯಾಸಕರು ಹೇಳಿದರು. ಸರಿ. ಆದರೆ ಯಾವ ನ್ಯಾಯದಿಂದ ಹಳೆಯ ರಾಜ ಪದಚ್ಯುತನಾದನೋ ಅದೇ ನ್ಯಾಯ ಹೊಸ ರಾಜನಿಗೂ ಅನ್ವಯಿಸಬೇಕಲ್ಲವೆ?

1982ರ ಫಾಕ್‌ಲೆಂಡ್ ಯುದ್ಧವನ್ನು ನೋಡೋಣ. ವಿಮಾನವಾಹಕ ನೌಕೆಗಳ ಪಕ್ಷದವರು ತಪ್ಪದೇ ಕೊಡುವ ಉದಾಹರಣೆ ಅದು. ಮೇ 2ರಂದು ಬ್ರಿಟನ್ನಿನ ಕಾಂಕರರ್ ಜಲಾಂತರ್ಗಾಮಿ ಅರ್ಜೆಂಟೀನಾದ ಜನರಲ್ ಬೆಲ್ಗ್ರಾನೊ ಕ್ರೂಸರನ್ನು ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ವಿನ್ಯಾಸದ ಟಾರ್ಪೆಡೊಗಳಿಂದ ಮುಳುಗಿಸಿತು. 323 ಜನ ಸತ್ತರು. ಅಷ್ಟಾದ ಮೇಲೆ ಅರ್ಜೆಂಟೀನಾದ ಒಂದೇ ಒಂದು ವಿಮಾನವಾಹಕ ನೌಕೆ ಬಂದರಿಗೆ ಹಿಂತಿರುಗಿತು, ಯುದ್ಧ ಮುಗಿಯುವವರೆಗೆ ಹೊರಬರಲಿಲ್ಲ. ಅದನ್ನು ಯಾರೂ ಮುಳುಗಿಸಲಿಲ್ಲ. ಮುಳುಗೀತೆಂಬ ಭಯವೇ ಸಾಕಾಯಿತು. ಎರಡು ದಿನಗಳ ನಂತರ ಅರ್ಜೆಂಟೀನಾದ ವಿಮಾನದಿಂದ ಹೊರಟ ಒಂದು ಎಕ್ಸೊಸೆಟ್ ಕ್ಷಿಪಣಿ ಬ್ರಿಟನ್ನಿನ ಶೆಫೀಲ್ಡ್ ಡೆಸ್ಟ್ರಾಯರನ್ನು ಸುಟ್ಟಿತು. ವಿಮಾನದಿಂದ ಹಾರಿಸುವಂಥ ಆ ಕ್ಷಿಪಣಿಗಳು ಅರ್ಜೆಂಟೀನಾದ ಬಳಿ ಇದ್ದದ್ದು ಬರೀ ಐದು. ಆ ಐದರ ಭಯಕ್ಕೆ ಬ್ರಿಟಿಷರು ತಮ್ಮ ಎರಡೂ ವಿಮಾನವಾಹಕ ನೌಕೆಗಳನ್ನು ದ್ವೀಪಗಳಿಂದ ಬಹುದೂರ, ಪೂರ್ವದ ಕಡಲಿನಲ್ಲಿ ಇರಿಸಿಕೊಂಡರು. ಎರಡರಲ್ಲಿ ಒಂದು ಹೋದರೂ ಯುದ್ಧ ಸೋತಂತೆಯೇ ಎಂಬ ಲೆಕ್ಕ ಅವರದು. ಹಾಗೆ ದೂರ ನಿಂತ ಹರ್ಮಿಸ್ ಮುಂದೆ 1987ರಲ್ಲಿ ವಿರಾಟ್ ಎಂಬ ಹೆಸರಿನಲ್ಲಿ ನಮ್ಮದಾಯಿತು; ಮೂವತ್ತು ವರ್ಷ ನಮ್ಮ ಮುಂಬಯಿಯ ಕಡಲಿನಲ್ಲಿ ಗಂಭೀರವಾಗಿ ಓಡಾಡಿತು. ಒಂದು ಯುದ್ಧದಲ್ಲಿ ಐದು ಕ್ಷಿಪಣಿಗಳಿಗೆ ಅಂಜಿ ನಿಂತದ್ದನ್ನು ಅದರ ಚರಿತ್ರೆಯಿಂದ ಅಳಿಸಿಹಾಕಿ ಬರೀ ಗಾಂಭೀರ್ಯವನ್ನು ನಾವು ಉಳಿಸಿಕೊಂಡೆವು.

ಇದು ಹೀಗೇಕೆ ಎಂಬುದನ್ನು ತಿಳಿಯಲು ದೊಡ್ಡ ವಿಜ್ಞಾನ ಬೇಕಿಲ್ಲ. ಭೂಮಿ ದುಂಡಗಿದೆ. ಅಲೆಗಳ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ ಹಾರಿ ಬರುವ ಕ್ಷಿಪಣಿ ಹಡಗಿನ ರಾಡಾರಿಗೆ ಕಾಣುವುದು ಸುಮಾರು 25-30 ಕಿಲೋಮೀಟರ್ ಹತ್ತಿರ ಬಂದ ಮೇಲೆ. ಶಬ್ದದ ವೇಗಕ್ಕೆ ಸಮೀಪದಲ್ಲಿ ಬರುವ ಕ್ಷಿಪಣಿಗೆ ಆ ದೂರ ಒಂದೂವರೆ ನಿಮಿಷದ ದಾರಿ. ನಮ್ಮದೇ ಬ್ರಹ್ಮೋಸಿನಂಥ, ಶಬ್ದಕ್ಕಿಂತ ಎರಡೂಮುಕ್ಕಾಲು ಪಟ್ಟು ವೇಗದ ಕ್ಷಿಪಣಿಗೆ ಅರ್ಧ ನಿಮಿಷದ ದಾರಿ. ಅಷ್ಟರಲ್ಲಿ ನೋಡಬೇಕು, ಗುರುತಿಸಬೇಕು, ನಿರ್ಧರಿಸಬೇಕು, ಹೊಡೆಯಬೇಕು. ಹತ್ತು ಕ್ಷಿಪಣಿಗಳು ಒಟ್ಟಿಗೆ ಬಂದರೆ ಹತ್ತನ್ನೂ ಹೊಡೆಯಬೇಕು. ದಾಳಿ ಮಾಡುವವನು ಒಮ್ಮೆ ಗೆದ್ದರೆ ಸಾಕು, ಕಾಯುವವನು ಪ್ರತಿ ಸಲವೂ ಗೆಲ್ಲಬೇಕು. ಎತ್ತರದಿಂದ ದೂರಕ್ಕೆ ನೋಡುವ ರಾಡಾರ್ ವಿಮಾನಗಳು ಅಮೆರಿಕದ ನೌಕೆಗಳಲ್ಲಿವೆ. ನಮ್ಮ ನೌಕೆಗಳ ಮೇಲೇರುವ ಮೂತಿಯ ಓಡುದಾರಿಯಿಂದ ಅಂಥ ಭಾರದ ವಿಮಾನ ಏರಲಾರದೆಂದು ನಾವು ಹೆಲಿಕಾಪ್ಟರುಗಳನ್ನೇ ನಂಬಿದ್ದೇವೆ.

ಇಲ್ಲಿ ನಮ್ಮ ದೇಶದ ಒಂದು ವಿಚಿತ್ರ ಮನಃಸ್ಥಿತಿಯನ್ನು ಗಮನಿಸಬೇಕು. ಬ್ರಹ್ಮೋಸ್ ಯಾವ ಹಡಗನ್ನಾದರೂ ಮುಳುಗಿಸಬಲ್ಲದು, ಅದನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ ಎಂದು ನಾವು ಎದೆ ತಟ್ಟಿಕೊಳ್ಳುತ್ತೇವೆ. ಅದೇ ಉಸಿರಿನಲ್ಲಿ ನಮ್ಮ ವಿಮಾನವಾಹಕ ನೌಕೆ ಅಭೇದ್ಯವೆನ್ನುತ್ತೇವೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೆ? ನಮ್ಮ ಬಾಣಕ್ಕೆ ಎಲ್ಲರೂ ಬೀಳುತ್ತಾರೆ, ಬೇರೆಯವರ ಬಾಣಕ್ಕೆ ನಾವು ಬೀಳುವುದಿಲ್ಲ ಎಂಬ ನಂಬಿಕೆ ಯಕ್ಷಗಾನದ ರಕ್ಕಸವೇಷಕ್ಕೆ ಒಪ್ಪುತ್ತದೆ, ರಕ್ಷಣಾ ನೀತಿಗಲ್ಲ.

*

ಇವೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವವರು 2022ರ ಏಪ್ರಿಲ್ 14ನ್ನು ನೆನೆಯಲಿ. ಅಂದು ಕಪ್ಪು ಸಮುದ್ರದಲ್ಲಿ ರಷ್ಯದ ಮೊಸ್ಕ್ವಾ ಮುಳುಗಿತು. 186 ಮೀಟರ್ ಉದ್ದ, ಹತ್ತು ಸಾವಿರ ಟನ್ನಿಗೂ ಮೀರಿದ ತೂಕ, ಆ ನೌಕಾದಳದ ಧ್ವಜನೌಕೆ. ಅಮೆರಿಕದ ವಿಮಾನವಾಹಕ ನೌಕೆಗಳನ್ನು ಮುಳುಗಿಸಲೆಂದೇ ಹದಿನಾರು ಭಾರಿ ಕ್ಷಿಪಣಿಗಳನ್ನು ಹೊತ್ತಿದ್ದ ಹಡಗು. ಅದನ್ನು ಮುಳುಗಿಸಿದ್ದು ದಡದಿಂದ ಹಾರಿಸಿದ ಎರಡು ನೆಪ್ಚೂನ್ ಕ್ಷಿಪಣಿಗಳೆಂದು ಉಕ್ರೇನ್ ಹೇಳಿತು; ಬೆಂಕಿ ಅಪಘಾತ, ಆಮೇಲೆ ಬಿರುಗಾಳಿ ಎಂದು ರಷ್ಯ ಹೇಳಿತು. ಹಡಗು ಕಟ್ಟಿದ್ದು ಉಕ್ರೇನಿನ ಮಿಕೊಲಾಯಿವ್ ನಗರದಲ್ಲಿ. ನಾವು ರಷ್ಯದಿಂದ ಕೊಂಡ ವಿಕ್ರಮಾದಿತ್ಯವನ್ನು ಮೊದಲು ಕಟ್ಟಿದ್ದೂ ಅದೇ ನಗರದಲ್ಲಿ. ಅದೇ ಊರಿನಲ್ಲಿ ಯುದ್ಧದ ಆರಂಭಕ್ಕೇ ಉಕ್ರೇನ್ ತನ್ನ ಧ್ವಜನೌಕೆಯನ್ನು ಶತ್ರುವಿನ ಕೈಗೆ ಸಿಗಬಾರದೆಂದು ತಾನೇ ಮುಳುಗಿಸಿಕೊಂಡಿತ್ತು. ಹೇಳಿಕೊಳ್ಳಲು ನೌಕಾಪಡೆಯೇ ಉಳಿಯದ ದೇಶ, ದಡದ ಕ್ಷಿಪಣಿಗಳಿಂದ, ಆಮೇಲೆ ಆಳಿಲ್ಲದ ಸ್ಫೋಟಕ ದೋಣಿಗಳಿಂದ, ರಷ್ಯದ ಮಹಾ ನೌಕಾದಳವನ್ನು ಸೆವಾಸ್ತೊಪೋಲಿನಿಂದ ನೊವೊರೊಸ್ಸಿಸ್ಕಿಗೆ ಹಿಮ್ಮೆಟ್ಟುವಂತೆ ಮಾಡಿತು. 2024ರ ಫೆಬ್ರವರಿ ತಿಂಗಳೊಂದರಲ್ಲೇ ಇವಾನೊವೆಟ್ಸ್ ಎಂಬ ಕ್ಷಿಪಣಿ ಹಡಗೂ ತ್ಸೆಜಾರ್ ಕುನಿಕೊವ್ ಎಂಬ ಸೇನೆ ಇಳಿಸುವ ಹಡಗೂ ಆ ದೋಣಿಗಳಿಗೆ ಬಲಿಯಾದವು.

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ನಡೆದದ್ದು ಇನ್ನೊಂದು ಪಾಠ. ಯೆಮೆನಿನ ಹೂತಿಗಳು ಯಾವ ಅಮೆರಿಕನ್ ಯುದ್ಧನೌಕೆಯನ್ನೂ ಮುಳುಗಿಸಲಿಲ್ಲ, ನಿಜ. ಆದರೆ 2024ರ ಜನವರಿ 30ರಂದು ಗ್ರೇವ್ಲಿ ಎಂಬ ಡೆಸ್ಟ್ರಾಯರಿನ ದೂರದ ರಕ್ಷಣೆಗಳನ್ನು ದಾಟಿ ಬಂದ ಕ್ಷಿಪಣಿಯನ್ನು ಸುಮಾರು ಒಂದು ಮೈಲಿ ಅಂತರದಲ್ಲಿ ಕೊನೆಯ ಬಂದೂಕಿನಿಂದ ಹೊಡೆಯಬೇಕಾಯಿತು. ಸಾವಿರಾರು ಡಾಲರಿನ ಡ್ರೋನನ್ನು ಉರುಳಿಸಲು ಹತ್ತಾರು ಲಕ್ಷ ಡಾಲರಿನ ಕ್ಷಿಪಣಿಯನ್ನು ಖರ್ಚು ಮಾಡುವ ಯುದ್ಧವನ್ನು ಅಮೆರಿಕವೇ ಎಷ್ಟು ದಿನ ನಡೆಸಬಲ್ಲದು? ನಾವೆಷ್ಟು ದಿನ ನಡೆಸಬಲ್ಲೆವು?

*

ಇನ್ನು ಎದುರುಪಕ್ಷದ ಮಾತುಗಳಿಗೆ ಬರೋಣ. ಅವು ಹಗುರವಾದ ಮಾತುಗಳಲ್ಲ.

1945ರಿಂದೀಚೆಗೆ ಯಾವ ವಿಮಾನವಾಹಕ ನೌಕೆಯೂ ಕಡಲಯುದ್ಧದಲ್ಲಿ ಮುಳುಗಿಲ್ಲ ಎನ್ನುತ್ತಾರೆ. ಹೌದು. 1945ರಿಂದೀಚೆಗೆ ಸಮಬಲದ ಶತ್ರುವಿನ ಎದುರು ಯಾರೂ ಅದನ್ನು ತಂದು ನಿಲ್ಲಿಸಿಲ್ಲ. ಕೊರಿಯ, ವಿಯೆಟ್ನಾಂ, ಇರಾಕ್ ಯಾವುದರ ಬಳಿಯೂ ಆ ನೌಕೆಗಳನ್ನು ನಡುಗಡಲಿನಲ್ಲಿ ಮುಟ್ಟುವ ಸಾಧನವಿರಲಿಲ್ಲ. ಮುಟ್ಟುವ ಸಾಧನವಿದ್ದ ಕಡೆ ಏನಾದೀತೆಂಬುದರ ಸೂಚನೆ ಅವರವರ ಅಭ್ಯಾಸಗಳಲ್ಲೇ ಸಿಕ್ಕಿದೆ. 2005ರಲ್ಲಿ ಸ್ವೀಡನ್ನಿನ ಗೋಟ್ಲಾಂಡ್ ಎಂಬ ಪುಟ್ಟ ಜಲಾಂತರ್ಗಾಮಿ ಅಭ್ಯಾಸದ ವೇಳೆ ರೊನಾಲ್ಡ್ ರೇಗನ್ ನೌಕೆಯ ಕಾವಲನ್ನೆಲ್ಲ ದಾಟಿ ಹೋಗಿ ಲೆಕ್ಕದಲ್ಲಿ ಅದನ್ನು ಮುಳುಗಿಸಿತು. 2002ರ ಅಮೆರಿಕದ ಯುದ್ಧಕ್ರೀಡೆಯೊಂದರಲ್ಲಿ ಶತ್ರುವಿನ ಪಾತ್ರ ವಹಿಸಿದ್ದ ಜನರಲ್ ಪಾಲ್ ವ್ಯಾನ್ ರೈಪರ್ ಸಣ್ಣ ದೋಣಿಗಳು ಮತ್ತು ಕ್ಷಿಪಣಿಗಳಿಂದ ಹದಿನಾರು ಹಡಗುಗಳನ್ನು ಮುಳುಗಿಸಿದರು. ಆಯೋಜಕರು ಮುಳುಗಿದ ಹಡಗುಗಳನ್ನು ಮತ್ತೆ ತೇಲಿಸಿ ಆಟವನ್ನು ಹೊಸದಾಗಿ ಶುರುಮಾಡಿದರು. ನಿಜವಾದ ಕಡಲಿನಲ್ಲಿ ಆ ಸೌಲಭ್ಯವಿಲ್ಲ.

ಮೊಸ್ಕ್ವಾ ಹಳೆಯ ಹಡಗು, ಸಿಬ್ಬಂದಿ ಎಚ್ಚರ ತಪ್ಪಿತ್ತು ಎನ್ನುತ್ತಾರೆ. ಇರಬಹುದು. ಎಲ್ಲ ಯಂತ್ರಗಳೂ ಸರಿಯಿದ್ದು ಎಲ್ಲ ಮನುಷ್ಯರೂ ಎಚ್ಚರವಾಗಿರುವ ಹಡಗು ಇನ್ನೂ ಕಡಲಿಗಿಳಿದಿಲ್ಲ. ಎಚ್ಚರ ತಪ್ಪಿದ ಒಂದು ಗಳಿಗೆಗೆ ಎಷ್ಟು ಬೆಲೆ ತೆರಬೇಕೆಂಬುದೇ ಪ್ರಶ್ನೆ.

2025ರ ಮೇ ತಿಂಗಳಿನಲ್ಲಿ ಆಪರೇಷನ್ ಸಿಂಧೂರ್ ವೇಳೆ ವಿಮಾನವಾಹಕ ನೌಕೆಯ ದಳ ಅರಬ್ಬೀ ಸಮುದ್ರದ ಉತ್ತರಕ್ಕೆ ಸಾಗಿದಾಗ ಪಾಕಿಸ್ತಾನದ ಹಡಗುಗಳು ಬಂದರು ಮತ್ತು ದಡದ ಹತ್ತಿರವೇ ಉಳಿದವೆಂದು ನಮ್ಮ ನೌಕಾಪಡೆ ಹೇಳಿದೆ. ಅದನ್ನು ಒಪ್ಪುತ್ತೇನೆ. ಆದರೆ ಆ ದಳದ ಜೊತೆ ಡೆಸ್ಟ್ರಾಯರುಗಳೂ ಫ್ರಿಗೇಟುಗಳೂ ಇದ್ದವು, ಕಡಲಡಿಯಲ್ಲಿ ಜಲಾಂತರ್ಗಾಮಿಗಳಿದ್ದವು. ಪಾಕಿಸ್ತಾನ ಯಾವುದಕ್ಕೆ ಅಂಜಿತೆಂದು ಬಿಡಿಸಿ ಹೇಳಬಲ್ಲವರು ಯಾರು? ಕೆಲವೇ ದಿನಗಳಲ್ಲಿ ಕದನ ನಿಂತದ್ದರಿಂದ ಆ ನೌಕೆಯ ಮೇಲೆ ಯಾರೂ ಕೈಯೆತ್ತಲಿಲ್ಲ. ಪರೀಕ್ಷೆಗೆ ಕೂರದೇ ಇದ್ದುದನ್ನು ಪಾಸಾದದ್ದೆಂದು ಬರೆದುಕೊಳ್ಳಬಾರದು.

ಚಿಕ್ಕ ಹಡಗುಗಳೂ ಮುಳುಗುತ್ತವಲ್ಲ ಎಂದು ಕೇಳಬಹುದು. ಖಂಡಿತ ಮುಳುಗುತ್ತವೆ. ಇವಾನೊವೆಟ್ಸ್ ಚಿಕ್ಕದೇ. ಆದರೆ ಹತ್ತು ಚಿಕ್ಕ ಹಡಗುಗಳಲ್ಲಿ ಎರಡು ಮುಳುಗಿದರೆ ಎಂಟು ಉಳಿಯುತ್ತವೆ. ದುಃಖದಲ್ಲಿಯೂ ಯುದ್ಧ ಮುಂದುವರಿಯುತ್ತದೆ. ಒಂದೇ ದೊಡ್ಡ ಹಡಗು ಮುಳುಗಿದರೆ ಉಳಿಯುವುದು ಸೊನ್ನೆ.

*

ಕಳೆದ ವರ್ಷ ಊರಿಗೆ ಹೋಗಿದ್ದಾಗ ನನ್ನ ತಂಗಿಯ ಮೊಮ್ಮಗ ರಜೆಯಲ್ಲಿ ಬಂದಿದ್ದ. ನೌಕಾಪಡೆಯಲ್ಲಿ ನಾವಿಕ. ಸಂಜೆ ಇಬ್ಬರೂ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋದೆವು. ಅಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ಮರಳ ಮೇಲೆ ನಿಲ್ಲಿಸಿ ಸಂಗ್ರಹಾಲಯ ಮಾಡಿದ್ದಾರೆ. ಕರಾಚಿಗೆ ಹೋದ ದೋಣಿಗಳ ನಂತರದ ತಲೆಮಾರಿನದು, 1976ರಲ್ಲಿ ಸೇವೆಗೆ ಬಂದದ್ದು. ಎರಡೂ ಬದಿಗೆ ಎರಡೆರಡು ಕ್ಷಿಪಣಿ ಗೂಡುಗಳು. ಶಾಲೆಯ ಮಕ್ಕಳು ಹತ್ತಿಳಿಯುತ್ತಿದ್ದರು. ದಕ್ಷಿಣಕ್ಕೆ, ಗುಡ್ಡಗಳಾಚೆ, ಅರ್ಗಾದ ಬಳಿ ಕದಂಬ ನೌಕಾನೆಲೆಯಿದೆ; ವಿಕ್ರಮಾದಿತ್ಯದ ಮನೆ ಅದು.

"ದೊಡ್ಡ ಹಡಗಿನಲ್ಲಿ ಹೆದರಿಕೆ ಆಗುವುದಿಲ್ಲವೇನೋ?" ಎಂದು ಕೇಳಿದೆ.

"ಹೆದರಿಕೆ ಎಂತದ್ದು ಅಜ್ಜಾ, ಸುತ್ತ ಏಳೆಂಟು ಹಡಗು ಕಾಯ್ತಾ ಇರ್ತವಲ್ಲ" ಎಂದ.

ಏಳೆಂಟು ಹಡಗುಗಳು ಕಾಯಬೇಕಾದ ಹಡಗು ತಾನು ಯಾರನ್ನು ಕಾಯುತ್ತದೆ? ಅವನನ್ನು ನಾನು ಕೇಳಲಿಲ್ಲ. ಅವನು ಉತ್ತರಿಸಬೇಕಾದ ಪ್ರಶ್ನೆ ಅದಲ್ಲ. ಉತ್ತರಿಸಬೇಕಾದವರು ಹಣ ಮಂಜೂರು ಮಾಡುವವರು, ಅವರನ್ನು ಆರಿಸಿ ಕಳಿಸುವ ನಾವು.

ಲೆಕ್ಕ ನೋಡಿ. 2022ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ಹೊಸ ವಿಕ್ರಾಂತಕ್ಕೆ ಸುಮಾರು 20,000 ಕೋಟಿ ರೂಪಾಯಿ. ಅದಕ್ಕೆ ಬೇಕಾದ 26 ರಫಾಲ್ ವಿಮಾನಗಳಿಗೆಂದು 2025ರಲ್ಲಿ ಸಹಿಯಾದ ಒಪ್ಪಂದ ಸುಮಾರು 63,000 ಕೋಟಿಯದು. ಅದಕ್ಕೂ ಮೊದಲು ಕೊಂಡಿದ್ದ ಮಿಗ್ ವಿಮಾನಗಳಲ್ಲಿ ಹಾರುವ ಸ್ಥಿತಿಯಲ್ಲಿರುತ್ತಿದ್ದವು ಶೇಕಡಾ 16ರಿಂದ 38ರೊಳಗೆ ಎಂದು ಲೆಕ್ಕ ತಪಾಸಕರು 2016ರಲ್ಲಿ ಬರೆದಿದ್ದರು. ನಮ್ಮ ಮುಂಬಯಿಯ ಮಝಗಾಂವ್ ಡಾಕಿನಲ್ಲಿ ಕಲ್ವರಿ ಮಾದರಿಯ ಆರು ಜಲಾಂತರ್ಗಾಮಿಗಳನ್ನು ಕಟ್ಟಲು ತಗುಲಿದ್ದು ಸುಮಾರು 23,000 ಕೋಟಿ. ಅಂದರೆ ವಿಮಾನಗಳಿಲ್ಲದ ಒಂದು ವಿಕ್ರಾಂತದ ಬೆಲೆಗೆ ಹೆಚ್ಚುಕಡಿಮೆ ಆರು ಜಲಾಂತರ್ಗಾಮಿಗಳು. 1999ರಲ್ಲಿ ಸರ್ಕಾರ ಒಪ್ಪಿದ್ದ ಯೋಜನೆಯ ಪ್ರಕಾರ ಮೂವತ್ತು ವರ್ಷಗಳಲ್ಲಿ 24 ಜಲಾಂತರ್ಗಾಮಿಗಳಾಗಬೇಕಿತ್ತು. ಆರನೆಯದು ಸೇವೆಗೆ ಸೇರುವ ಹೊತ್ತಿಗೆ 2025 ಬಂದಿತ್ತು. ಆ ಆರಕ್ಕೂ ತಕ್ಕ ಹೊಸ ಟಾರ್ಪೆಡೊ ಕೊಳ್ಳುವುದು ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಬಂದರಿನ ಬಾಯಲ್ಲಿ ಶತ್ರು ಹುದುಗಿಸಬಹುದಾದ ನೀರಡಿಯ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವ ಹಡಗುಗಳಲ್ಲಿ ನಮ್ಮ ಕೊನೆಯದು 2019ರಲ್ಲಿ ನಿವೃತ್ತವಾಯಿತು. ಅದರ ಜಾಗಕ್ಕೆ ಹೊಸದು ಬಾರದೇ ವರ್ಷಗಳು ಉರುಳಿದವು. ಅರಮನೆ ಕಟ್ಟಿಸಿದವನು ಹೆಬ್ಬಾಗಿಲಿಗೆ ಅಗುಳಿ ಹಾಕಿಸಲು ಮರೆತಂತಾಯಿತು ಇದು.

ನನ್ನ ಮಾತು ಅವಿವೇಕವೆನಿಸಿದರೆ, 2020ರಲ್ಲಿ ಮೂರೂ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ಅವರೇ ಮೂರನೆಯ ವಿಮಾನವಾಹಕ ನೌಕೆಗಿಂತ ಜಲಾಂತರ್ಗಾಮಿಗಳಿಗೆ ಆದ್ಯತೆ ಸಿಗಬೇಕೆಂದು ಬಹಿರಂಗವಾಗಿ ಹೇಳಿದ್ದನ್ನು ನೆನಪಿಸಿಕೊಳ್ಳಿ. ನೀರಿನ ಮೇಲಿರುವುದೆಲ್ಲ ಉಪಗ್ರಹಕ್ಕೆ ಕಾಣುತ್ತದೆ, ಕಂಡದ್ದನ್ನು ಕ್ಷಿಪಣಿ ಮುಟ್ಟುತ್ತದೆ ಎಂಬುದು ಅವರ ಕಾರಣ. ಅವರನ್ನು ದೇಶದ್ರೋಹಿಯೆನ್ನಲು ಯಾರೂ ಮುಂದಾಗಲಿಲ್ಲ.

ಆಂಗ್ರೆ ಎಂಬುದು ಮುಂಬಯಿಯ ನೌಕಾನೆಲೆಯ ಹೆಸರು. ಕಾನ್ಹೋಜಿ ಆಂಗ್ರೆ ಇದೇ ಕೊಂಕಣದ ಕಡಲಿನಲ್ಲಿ ಇಂಗ್ಲಿಷರ, ಪೋರ್ಚುಗೀಸರ ದೊಡ್ಡ ಹಡಗುಗಳನ್ನು ಎದುರಿಸಿದ್ದು ಆಳವಿಲ್ಲದ ನೀರಿನಲ್ಲೂ ಓಡುವ, ಹುಟ್ಟು ಹಾಕಿ ನಡೆಸುವ ಹಗುರ ನಾವೆಗಳ ಗುಂಪಿನಿಂದ. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರ ಹಡಗುಗಳಿಗೆ ಮೊಗವೀರರ ದೋಣಿಗಳಿಂದ ಬೆಂಕಿಯ ಬಾಣ ಎಸೆದಳೆಂಬ ಪ್ರತೀತಿ ನಮ್ಮ ಕರಾವಳಿಯಲ್ಲಿದೆ. ಇವರ ಹೆಸರನ್ನು ನೆಲೆಗಳಿಗೂ ಹಡಗುಗಳಿಗೂ ಇಟ್ಟೆವು. ಇವರು ಯುದ್ಧ ಮಾಡಿದ ರೀತಿಯನ್ನು ಮಾತ್ರ ಬಿಟ್ಟು, ಇವರು ಯಾರ ವಿರುದ್ಧ ಹೋರಾಡಿದರೋ ಅವರ ಹಡಗುಗಳ ಗಾತ್ರವನ್ನು ಮೋಹಿಸಿದೆವು.

ಆ ಮೋಹ ಕಡೆಗೆ ಎಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ಮುಂಬಯಿಗರು ಕಣ್ಣಾರೆ ಕಂಡಿದ್ದಾರೆ. 1997ರಲ್ಲಿ ನಿವೃತ್ತವಾದ ಹಳೆಯ ವಿಕ್ರಾಂತ 2001ರಿಂದ 2012ರವರೆಗೆ ಇಲ್ಲಿ ಸಂಗ್ರಹಾಲಯವಾಗಿತ್ತು. ನಮ್ಮ ಬಡಾವಣೆಯ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಅದರ ವಿಶಾಲವಾದ ಮೇಲಂಗಳದಲ್ಲಿ ಅವರು ಓಡಿ ದಣಿದದ್ದು ನೆನಪಿದೆ. ಆಮೇಲೆ ಅದನ್ನು ಉಳಿಸಿಕೊಳ್ಳಲು ಹಣವಿಲ್ಲವೆಂದು ಗುಜರಿಗೆ ಮಾರಿದರು. 2014ರ ಕೊನೆಯಲ್ಲಿ ದಾರುಖಾನಾದ ಕೆಸರಿನಲ್ಲಿ ಅದನ್ನು ಒಡೆಯತೊಡಗಿದರು. ಅದರ ಉಕ್ಕಿನಿಂದ ಮಾಡಿದ್ದೆಂದು ಒಂದು ಮೋಟರ್ ಸೈಕಲ್ ಮಾರುಕಟ್ಟೆಗೆ ಬಂತು. ದೇಶದ ಮಾನವೆಂದು ಕರೆದದ್ದನ್ನು ಶಾಂತಿಕಾಲದಲ್ಲಿ ಗುಜರಿಗೆ ಮಾರಲು ನಮಗೆ ಅಷ್ಟೇನೂ ಕಷ್ಟವಾಗಲಿಲ್ಲ. ಯುದ್ಧಕಾಲದಲ್ಲಿ ಮಾತ್ರ ಅದೇ ಮಾನದ ಹೆಸರಿನಲ್ಲಿ 1,600 ಜನರನ್ನು ಅದರ ಮೇಲೆ ನಿಲ್ಲಿಸುತ್ತೇವೆ.

ಕಾರವಾರದ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ನಮ್ಮ ಕರಾವಳಿಯ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮೀನುಗಾರಿಕೆಯ ದಡ ಬಿಟ್ಟು ಎದ್ದವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. ದೇಶರಕ್ಷಣೆಗೆ ಎಂದಾಗ ಅವರು ಕೊಟ್ಟರು. ಹಾಗೆ ಕೊಟ್ಟವರಿಗೆ, ತಮ್ಮ ನೆಲದ ಮೇಲೆ ಕಟ್ಟಿದ ಕಟ್ಟೆಗೆ ಬಂದು ನಿಲ್ಲುವುದು ರಕ್ಷಣೆಯೋ ಪ್ರದರ್ಶನವೋ ಎಂದು ಕೇಳುವ ಹಕ್ಕಿದೆ. ಮಕ್ಕಳನ್ನು ಆ ಹಡಗುಗಳಿಗೆ ಕಳಿಸಿದವರಿಗೆ ಇನ್ನೂ ಹೆಚ್ಚಿನ ಹಕ್ಕಿದೆ.

ಮುಂದಿನ ಡಿಸೆಂಬರಿನಲ್ಲಿ ಮತ್ತೆ ಉಪನ್ಯಾಸವಿರುತ್ತದೆ. ಈ ಸಲ ನಾನು ಎದ್ದು ನಿಂತು ಕೇಳುವುದು ಒಂದೇ ಪ್ರಶ್ನೆ: ಸ್ವಾಮೀ, ತಾವು ಕೇಳುವ ಮೂರನೆಯ ಹಡಗನ್ನು, ಶತ್ರುವಿನ ಜಲಾಂತರ್ಗಾಮಿಗಳು ಕಾದಿರುವ ಕಡಲಿಗೆ, ಯುದ್ಧದ ಮೊದಲ ರಾತ್ರಿಯೇ ಕಳಿಸುತ್ತೀರಾ? ಕಳಿಸುವುದಾದರೆ ಅದರಲ್ಲಿರುವ ಮಕ್ಕಳ ತಂದೆತಾಯಿಗಳಿಗೆ ಮೇಲೆ ಹೇಳಿದ ಲೆಕ್ಕವನ್ನೆಲ್ಲ ಮೊದಲೇ ತಿಳಿಸಿ. ಕಳಿಸುವುದಿಲ್ಲವಾದರೆ, ಆ ಹಣದಲ್ಲಿ ಕಳಿಸಬಹುದಾದದ್ದನ್ನು ಕಟ್ಟಿ.